ಹದಿನೇಳನೆಯ ಅಧ್ಯಾಯದ ಸಾಕ್ಷಿ

ಪತ್ತೇದಾರಿ ಕಾದಂಬರಿಯನ್ನು ಕುರ್ಚಿಯಲ್ಲಿ ನೆಟ್ಟಗೆ ಕೂತು ಓದುವವರನ್ನು ಕಂಡರೆ ನನಗೆ ಅಸೂಯೆ. ನನಗದು ಈ ಜನ್ಮದಲ್ಲಿ ಸಾಧ್ಯವಾಗಿಲ್ಲ. ಮೂರನೆಯ ಪುಟಕ್ಕೆ ಎಡಗಾಲು ಅಲುಗತೊಡಗುತ್ತದೆ, ಹತ್ತನೆಯ ಪುಟಕ್ಕೆ ಎದ್ದು ನಿಲ್ಲುತ್ತೇನೆ, ಮೊದಲ ಶವ ಸಿಗುವಷ್ಟರಲ್ಲಿ ಪುಸ್ತಕವನ್ನು ಮುಖದ ಮುಂದೆ ಹಿಡಿದುಕೊಂಡೇ ಪಡಸಾಲೆಯಿಂದ ಅಡುಗೆಮನೆಗೂ ಅಡುಗೆಮನೆಯಿಂದ ಹಿತ್ತಿಲಿಗೂ ಶತಪಥ ಹಾಕುತ್ತಿರುತ್ತೇನೆ. ಇಪ್ಪತ್ತೆಂಟು ವರ್ಷ ಸರ್ಕಾರಿ ಕಾಲೇಜಿನಲ್ಲಿ ವಿಜಯನಗರದ ಅರಸರ ವಂಶಾವಳಿ ಬರೆಸಿ ನಿವೃತ್ತನಾದ ಇತಿಹಾಸದ ಮೇಷ್ಟ್ರಿಗೆ ಇದು ಶೋಭಿಸುವ ನಡವಳಿಕೆಯಲ್ಲ ಎಂದು ನನಗೂ ಗೊತ್ತು. ಆದರೆ ನೋಡಿ, ಆ ಅರಸರೆಲ್ಲ ಹೇಗೆ ಸತ್ತರೆಂಬುದು ಮೊದಲೇ ಗೊತ್ತಿತ್ತು. ಅಲ್ಲಿ ಎದ್ದು ಓಡಾಡುವಂಥದ್ದೇನೂ ಇರಲಿಲ್ಲ.

ಈ ಸಲ ಕೈಗೆ ಸಿಕ್ಕಿದ್ದು ಬರಿಯ ಪತ್ತೇದಾರಿಯಲ್ಲ, ಕೋರ್ಟು ಕಚೇರಿಯ ರೋಚಕ ಕಥೆ. ಹೊಸಪೇಟೆಯ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೊಂಡದ್ದು. ಹೆಸರು ಹೇಳಲಾರೆ, ಹೇಳಿದರೆ ನೀವೂ ಕೊಳ್ಳುತ್ತೀರಿ, ಕುರ್ಚಿಯಲ್ಲಿ ಕೂತು ನನಗಿಂತ ಮೊದಲೇ ಮುಗಿಸಿಬಿಡುತ್ತೀರಿ. ಅದರಲ್ಲೊಬ್ಬರು ವಕೀಲರು, ಸ್ಥೂಲಕಾಯರು, ಮೆಟ್ಟಿಲೆಂದರೆ ಆಗದವರು. ಅವರ ಜೊತೆಗೆ ಪೊಲೀಸ್ ನೌಕರಿ ಬಿಟ್ಟು ಬಂದ ಪತ್ತೇದಾರಳೊಬ್ಬಳು, ಕಡ್ಡಿಯಂಥ ಹೆಂಗಸು. ಅವರಿಗೆ ಕೂತಲ್ಲಿಂದ ಏಳಲು ಬೇಸರ, ಇವಳಿಗೆ ಕೂರುವುದೇ ಬೇಸರ. ಅವರಿಗೆ ಮಾತಿನ ಮೇಲೆ ನಂಬಿಕೆ, ಇವಳಿಗೆ ಚಪ್ಪಲಿಯ ಮೇಲೆ. ಊರೆಲ್ಲ ಅಲೆದು ಇವಳು ಹೆಕ್ಕಿ ತಂದದ್ದನ್ನು ವಕೀಲರು ಕನ್ನಡಕ ಏರಿಸಿ ನೋಡಿ, ‘ಇದು ಸತ್ಯವಿರಬಹುದು, ಆದರೆ ಸಾಕ್ಷ್ಯವಲ್ಲ’ ಎಂದು ಪಕ್ಕಕ್ಕೆ ಸರಿಸುತ್ತಾರೆ. ಅವಳು ಬಾಗಿಲು ದಡಾರನೆ ಹಾಕಿಕೊಂಡು ಹೋಗುತ್ತಾಳೆ. ಮರುದಿನ ಮತ್ತೆ ಬರುತ್ತಾಳೆ. ಒಬ್ಬನೇ ಪತ್ತೇದಾರನಿರುವ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕರೆ ಕಥೆ ಮುಗಿಯಿತು; ಈ ಜೋಡಿಯ ಕಥೆಯಲ್ಲಿ ಅವನು ಸಿಕ್ಕ ಮೇಲೆಯೇ ನಿಜವಾದ ತಲೆನೋವು. ಕಂಡದ್ದನ್ನು ಕಾಣದ ನ್ಯಾಯಾಧೀಶರಿಗೆ ಕಾಣಿಸುವ ಆ ಉಪದ್ವ್ಯಾಪದ ರುಚಿ ಹತ್ತಿದರೆ ಬಿಡುವುದು ಕಷ್ಟ.

ನಮ್ಮ ಮನೆಯಲ್ಲಿ ಒಂದೇ ಪುಸ್ತಕವನ್ನು ಇಬ್ಬರು ಒಟ್ಟಿಗೆ ಓದುವ ಪದ್ಧತಿ. ಬೆಳಗಿನ ತಿಂಡಿಯಾದ ಮೇಲೆ ಅದು ನನ್ನ ಹೆಂಡತಿ ಗಿರಿಜೆಯದು, ಮಧ್ಯಾಹ್ನದ ಊಟವಾದ ಮೇಲೆ ನನ್ನದು. ಮುಂದೆ ಓದಿದವರು ಹಿಂದೆ ಉಳಿದವರಿಗೆ ಏನನ್ನೂ ಹೇಳಬಾರದು ಎಂಬುದೊಂದೇ ಕರಾರು. ಸದಾ ಮುಂದಿರುವವಳು ಅವಳೇ. ಓಡಾಡುವ ಸ್ವಭಾವದಿಂದ ನಾನು ಈ ಮನೆಯ ಪತ್ತೇದಾರ. ಕೂತಲ್ಲೇ ಮೆಂತ್ಯಸೊಪ್ಪು ಬಿಡಿಸುತ್ತ ಎದುರಿಗಿರುವವರ ಬಾಯಿ ಬಿಡಿಸಬಲ್ಲ ಗಿರಿಜೆ ವಕೀಲೆ. ನಮ್ಮ ಸಂಸಾರವೇ ಆ ಕಾದಂಬರಿಯ ಜೋಡಿ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಹೀಗೆ ಬೀಗುತ್ತಿದ್ದ ವಾರದಲ್ಲೇ ಕೋರ್ಟಿನಿಂದ ನನಗೊಂದು ಸಮನ್ಸು ಬಂತು. ಕಳವು ಪ್ರಕರಣವೊಂದರಲ್ಲಿ ಪಂಚನಾಗಿ, ಅಂದರೆ ಪೊಲೀಸರು ಮಾಲು ಜಪ್ತಿ ಮಾಡಿದ್ದನ್ನು ಎದುರು ನಿಂತು ನೋಡಿ ಸಹಿ ಹಾಕಿದ ಸಾಕ್ಷಿಯಾಗಿ, ಮುಂದಿನ ವಾರದ ಗುರುವಾರ ಹಾಜರಾಗತಕ್ಕದ್ದು.

ಆ ಸಹಿಯ ಕಥೆಯನ್ನು ನಿಮಗೆ ಇದ್ದದ್ದಿದ್ದಂತೆ ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ಯಾರಿಗೂ ಹಾಗೆ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ, ಇನ್ನೂ ನೌಕರಿಯಲ್ಲಿದ್ದಾಗ, ಕಂಪ್ಲಿಯ ಕಾಲೇಜಿನಿಂದ ಹೊಸಪೇಟೆಗೆ ಮರಳುತ್ತಿದ್ದ ನನ್ನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಿಂತದ್ದು ಒಂದು ಪೊಲೀಸ್ ಠಾಣೆಯ ಹತ್ತಿರ. ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಕೂತಿದ್ದೆ. ಠಾಣೆಯಿಂದ ದಫೇದಾರರೊಬ್ಬರು ಕಾಗದದ ಕಟ್ಟು ಹಿಡಿದು ಬಂದು, ನನ್ನ ಕಾಲು ಮುಟ್ಟಿ ನಮಸ್ಕರಿಸಿದರು.

“ಸರ್, ನಾನ್ರೀ, ಬಸವರಾಜ. ನಿಮ್ಮ ಕ್ಲಾಸಿನಾಗ ಹಿಂದಿನ ಬೆಂಚಿನ್ಯಾಗ ಕುಂದರ್ತಿದ್ದೆ. ಒಂದು ಸೈನ್ ಬೇಕಾಗಿತ್ರಿ ಸರ್.”

ಮೇಷ್ಟ್ರಾದವನ ಕೈಗಿರುವ ರೋಗ ನಿಮಗೆ ಗೊತ್ತಿರಲಿಕ್ಕಿಲ್ಲ. ವಿದ್ಯಾರ್ಥಿ ಸಹಿ ಕೇಳಿದರೆ ಅದು ತಾನಾಗಿ ಮಾಡುತ್ತದೆ. ಅಂಕಪಟ್ಟಿಯ ನಕಲು, ಬಸ್ ಪಾಸಿನ ಅರ್ಜಿ, ನಡತೆ ಪ್ರಮಾಣಪತ್ರ – ಮೂಲಪ್ರತಿ ನೋಡದೆ ‘ನಿಜಪ್ರತಿ’ ಎಂದೂ, ಹುಡುಗನ ಮುಖ ನೆನಪಿಲ್ಲದೆ ‘ಸನ್ನಡತೆ’ ಎಂದೂ ನಾನು ಬರೆದುಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಓದುತ್ತ ಕೂತರೆ ಹುಡುಗ ಏನಂದುಕೊಂಡಾನು ಎಂಬ ದಾಕ್ಷಿಣ್ಯ ಬೇರೆ. ಅಂದು ಒಗ್ಗರಣೆಯ ಎಣ್ಣೆಗೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಅವನು ಬೆರಳಿಟ್ಟ ಕಡೆಯಲ್ಲೆಲ್ಲ ಸಹಿ ಹಾಕಿದೆ. ಹೋಟೆಲಿನ ಯಜಮಾನರೂ ಹಾಕಿದರು. ಪಕ್ಕದಲ್ಲಿ ನಿಂತ ಜೀಪಿನಲ್ಲಿ ಗೋಣಿಚೀಲದೊಳಗೆ ತಾಮ್ರದ ತಂತಿಯ ಸುರುಳಿಗಳಿದ್ದವು. ಅವನ್ನು ಕಟ್ಟಿ ಅರಗಿನ ಮುದ್ರೆ ಒತ್ತಿದ ಚೀಟಿಯ ಮೇಲೂ ಹಾಕಿದೆ. ಹೊಳೆದಂಡೆಯ ಪಂಪುಸೆಟ್ಟುಗಳಿಂದ ಕದ್ದ ತಂತಿಯಂತೆ, ಮೋಟರು ರಿವೈಂಡಿಂಗ್ ಮಾಡುವ ಹುಲುಗಪ್ಪನೆಂಬವನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಸಿಕ್ಕಿತಂತೆ. ಬಸ್ಸು ರಿಪೇರಿಯಾಯಿತು. ನಾನು ಹತ್ತಿ ಹೋದೆ.

ಇಷ್ಟೇ ಆಗಿದ್ದರೆ ಇದೊಂದು ಸಾಧಾರಣ ಸೋಮಾರಿತನ. ಆದರೆ ನಾನು ಪತ್ತೇದಾರಿ ಓದುವ ಮನುಷ್ಯ. ಮನೆಗೆ ಬಂದು, ಬಸ್ಸು ಯಾಕೆ ತಡವಾಯಿತು ಎಂದು ಗಿರಿಜೆ ಕೇಳಿದಾಗ, ‘ಪೊಲೀಸರ ಜೊತೆ ರೇಡಿಗೆ ಹೋಗಿದ್ದೆ’ ಎಂದುಬಿಟ್ಟೆ. ಮರುದಿನ ಸ್ಟಾಫ್ ರೂಮಿನಲ್ಲಿ ಅದಕ್ಕೆ ಸ್ವಲ್ಪ ಉಪ್ಪು ಖಾರ ಬಿತ್ತು. ಆಮೇಲೆ ಮನೆಗೆ ಬಂದ ನೆಂಟರಿಗೆ, ಟಿ.ಬಿ. ಡ್ಯಾಮಿನ ಉದ್ಯಾನದಲ್ಲಿ ವಾಯುವಿಹಾರಕ್ಕೆ ಸಿಗುವ ನಿವೃತ್ತ ಮಿತ್ರರಿಗೆ, ಒಮ್ಮೆ ಮದುವೆಯ ಪಂಕ್ತಿಯಲ್ಲಿ ಎಡಬಲಕ್ಕೆ ಕೂತ ಅಪರಿಚಿತರಿಗೂ ಹೇಳಿದೆ. ಹೇಳಿದಂತೆಲ್ಲ ಶೆಡ್ಡು ದೊಡ್ಡದಾಯಿತು, ಅದಕ್ಕೊಂದು ಹಿಂಬಾಗಿಲು ಬಂತು, ಹುಲುಗಪ್ಪನಿಗೆ ಕೆಂಗಣ್ಣು ಪೊದೆಮೀಸೆ ಮೂಡಿದವು. ಕೊನೆಗೆ ಆ ಮೀಸೆಯನ್ನು ನಾನೇ ನಂಬಿದೆ.

ಸಮನ್ಸು ಬಂದ ಮರುದಿನ ಬಸವರಾಜ ಮನೆಗೆ ಬಂದ. ಈಗ ಬಡ್ತಿಯಾಗಿ ಹೊಟ್ಟೆಯೂ ಸ್ವಲ್ಪ ಬಂದಿತ್ತು. ಕೈಯಲ್ಲಿ ಅಂದು ನಾನು ಸಹಿ ಹಾಕಿದ ಮಹಜರಿನ ಜೆರಾಕ್ಸು.

“ಸರ್, ಇದನ್ನ ನಾಕ್ ಸಲ ಓದಿ ಬಾಯಿಪಾಠ ಮಾಡ್ಕೊಂಡ್ ಬಿಡ್ರಿ. ಪ್ರಶ್ನೆ ಎಲ್ಲಾ ಇಲ್ಲಿಂದನ ಬರ್ತಾವ. ಎರಡನೇ ಪಂಚರು, ಆ ಹೋಟೆಲ್ ಸಾಹುಕಾರ್ರು, ತೀರ್ಕೊಂಡ್ರು. ಈಗ ಕೇಸಿಗೆ ನೀವೊಬ್ರ ಗತಿರಿ ಸರ್.”

ನಾನು ಇಪ್ಪತ್ತೆಂಟು ವರ್ಷ ಹುಡುಗರಿಗೆ ಹೇಳಿದ ಮಾತನ್ನು ಹುಡುಗ ನನಗೆ ಹೇಳಿ, ಮುಖ್ಯವಾದ ಸಾಲುಗಳ ಕೆಳಗೆ ಗೆರೆ ಎಳೆದುಕೊಟ್ಟು, ಚಹಾ ಕುಡಿದು ಹೋದ. ಅವನು ಕೆಟ್ಟವನಲ್ಲ. ಅಂದು ಅವನ ಮೇಲಿನವರು ಜಲ್ದಿ ಮಾಡೆಂದಿದ್ದರು, ಸಂಜೆಯಾಗುತ್ತಿತ್ತು, ಎದುರಿಗೆ ಮೇಷ್ಟ್ರು ಸಿಕ್ಕರು, ಅಷ್ಟೇ. ಓದಿದೆ. ‘ಸದರಿ ಆರೋಪಿಯು ಪಂಚರಾದ ನಮ್ಮನ್ನು ಅಂಗಡಿಯ ಹಿಂಭಾಗದ ತಗಡಿನ ಶೆಡ್ಡಿಗೆ ಕರೆದೊಯ್ದು, ಗೋಣಿಚೀಲದ ಕೆಳಗಿಟ್ಟಿದ್ದ ಮಾಲನ್ನು ತಾನಾಗಿಯೇ ತೋರಿಸಿದ್ದು...’ ನನ್ನ ಕಥೆಗಿಂತ ಇದು ಗದ್ಯದಲ್ಲಿ ಸೊರಗಿತ್ತು, ಆದರೆ ನನ್ನ ಕಥೆಯಷ್ಟೇ ಧೈರ್ಯವಾಗಿತ್ತು.

ಆ ಮಧ್ಯಾಹ್ನವೇ ಕಾದಂಬರಿಯ ಹದಿನೇಳನೆಯ ಅಧ್ಯಾಯ ನನ್ನ ಪಾಲಿಗೆ ಬಂತು. ಅದರಲ್ಲಿ ಕಟಕಟೆಗೆ ಒಬ್ಬ ಗೌರವಸ್ಥ ಸಾಕ್ಷಿ ಹತ್ತುತ್ತಾನೆ. ಚಾಕು ಸಿಕ್ಕಾಗ ತಾನು ಅಲ್ಲೇ ಇದ್ದೆ ಎನ್ನುತ್ತಾನೆ. ಆ ಹೊತ್ತಿಗೆ ಅವನು ಎಲ್ಲಿ ಹಲ್ಲು ತೋರಿಸಿಕೊಳ್ಳುತ್ತ ಕೂತಿದ್ದನೆಂಬುದನ್ನು ಪತ್ತೇದಾರಳು ಊರಿನ ದಂತವೈದ್ಯರ ನೋಂದಣಿ ಪುಸ್ತಕದಿಂದ ಹುಡುಕಿ ತಂದಿದ್ದಾಳೆ. ವಕೀಲರು ಅಂದು ಮೊದಲ ಬಾರಿಗೆ ಕುರ್ಚಿ ಬಿಟ್ಟು ಎದ್ದು, ಅವನ ಸಮೀಪ ಹೋಗಿ, ‘ಹಲ್ಲು ಈಗ ಹೇಗಿದೆ?’ ಎನ್ನುತ್ತಾರೆ. ನಾಲ್ಕು ಪುಟದಲ್ಲಿ ಆ ಮನುಷ್ಯ ಬೆವತು ನೀರಾಗುತ್ತಾನೆ. ಬೇರೆ ದಿನವಾಗಿದ್ದರೆ ನಾನು ಕೇಕೆ ಹಾಕುತ್ತಿದ್ದೆ. ಇಂಥ ಸಾಕ್ಷಿಗಳು ಮಣ್ಣು ಮುಕ್ಕುವುದನ್ನು ನೋಡಲೆಂದೇ ಅಲ್ಲವೆ ನಾವು ಈ ಪುಸ್ತಕಗಳನ್ನು ಓದುವುದು? ಅಂದು ಮಾತ್ರ ನನಗೆ ಆ ಮನುಷ್ಯನ ಅಂಗೈ ಬೆವರು ತಿಳಿಯಿತು. ಪುಸ್ತಕ ಮುಚ್ಚಿದೆ, ತೆರೆದೆ, ಮುಚ್ಚಿದೆ.

ಅಲ್ಲಿಂದ ನಾಲ್ಕು ದಿನ ನಾನು ಮನೆಯಲ್ಲಿ ನಿಲ್ಲಲಿಲ್ಲ. ಮಂಗಳವಾರ ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಹದಿನೆಂಟನೆಯ ಅಧ್ಯಾಯ ಓದಲು ಕೂತೆ. ಪ್ರವಾಸಿಗರು ಬಂದು, ಕಂಬದ ಪಕ್ಕ ಕೂತ ಹಳೆಯ ಮನುಷ್ಯನೂ ದೃಶ್ಯದ ಭಾಗವೆಂದು ಫೋಟೋ ತೆಗೆದರು. ಎದ್ದು ಹೊಳೆಯ ದಂಡೆಗೆ ಹೋದೆ, ಅಲ್ಲಿ ಪಂಪುಸೆಟ್ಟಿನ ಶಬ್ದ. ಬುಧವಾರ ದೋಣಿಮಲೈ ಗಣಿಯ ಕ್ವಾರ್ಟರ್ಸಿನ ಹಳೆಯ ಗೆಳೆಯನನ್ನು ನೋಡಿಬರುತ್ತೇನೆಂದು ಸಂಡೂರಿನ ಬಸ್ಸು ಹತ್ತಿ, ಕೆಂಪು ಧೂಳಿನ ಘಟ್ಟ ಏರಿ, ಗೆಳೆಯ ಬಾಗಿಲು ತೆಗೆದು ಹತ್ತು ನಿಮಿಷಕ್ಕೆ, ‘ಬರ್ತೀನಪಾ’ ಎಂದು ವಾಪಸು ಹೊರಟೆ. ಅವನು ಇನ್ನೂ ಚಹಾಕ್ಕೆ ನೀರಿಟ್ಟಿರಲಿಲ್ಲ. ಶುಕ್ರವಾರ ಕಂಪ್ಲಿಯ ಬಸ್ಸಿನಲ್ಲಿ ಕೂತಿದ್ದೆ. ಯಾಕೆಂದು ಕೇಳಬೇಡಿ. ಪತ್ತೇದಾರನಿಗೆ ಕೊನೆಗೂ ಸ್ಥಳ ಪರಿಶೀಲನೆಯ ನೆನಪಾಗಿತ್ತು, ನಾಲ್ಕು ವರ್ಷ ತಡವಾಗಿ.

ಅಂಗಡಿ ಸಿಕ್ಕಿತು. ಷಟರಿನ ಬೀಗ ತುಕ್ಕು ಹಿಡಿದಿತ್ತು. ಮಾಸಿದ ಹಲಗೆಯ ಮೇಲೆ ಮೋಟರಿನ ಚಿತ್ರ. ಪಕ್ಕದ ಸಂದಿಯಲ್ಲಿ ನುಗ್ಗಿ ಹಿಂದೆ ನೋಡಿದೆ. ತಗಡಿನ ಶೆಡ್ಡು ಇತ್ತು, ಆದರೆ ಎಂಥದು! ಎರಡು ಆಡು ಕಟ್ಟಿದರೆ ಮೂರನೆಯದಕ್ಕೆ ಜಾಗವಿಲ್ಲ. ಬಾಗಿಲು ನನ್ನ ಎದೆಮಟ್ಟಕ್ಕೆ. ನನ್ನ ಕಥೆಯಲ್ಲಿ ಮೂವರು ಪೊಲೀಸರೂ ಇಬ್ಬರು ಪಂಚರೂ ಒಬ್ಬ ಆರೋಪಿಯೂ ಇದರೊಳಗೆ ಸಲೀಸಾಗಿ ತಿರುಗಾಡಿದ್ದರು.

ಪಕ್ಕದ ಸೈಕಲ್ ಅಂಗಡಿಯವರು ಟ್ಯೂಬಿಗೆ ಪಂಕ್ಚರ್ ಹಾಕುತ್ತಲೇ ನನ್ನನ್ನು ನೋಡಿದರು.

“ಹುಲುಗಪ್ಪನ್ನ ಹುಡುಕ್ಯಾಡಿ ಬಂದೀರೇನ್ರಿ? ಅಂವಾ ಅಂಗಡಿ ಮುಚ್ಚಿ ಭಾಳ ದಿನ ಆತ್ರಿ. ಕೇಸಾದ ಮ್ಯಾಲೆ ಅವನ ಕೈಯಾಗ ಮೋಟ್ರು ಯಾರ್ ಕೊಡ್ತಾರ್ರಿ? ಈಗ ಸಂಡೂರಿನಾಗ ಲಾರಿ ಗ್ಯಾರೇಜಿನಾಗ ಕೂಲಿ ಮಾಡ್ತಾನಂತ.”

ಅವನೇ ಕದ್ದದ್ದು ಅಂತ ನಿಮಗನ್ನಿಸುತ್ತದೆಯೆ ಎಂದು ಕೇಳಿದೆ. ಅವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೋ ನೋಡಿದರು.

“ನಾನೂ ಮೊದ್ಲ ನಂಬಿದ್ದಿಲ್ರಿ. ಹಳೇ ಮೋಟ್ರು ಬಿಚ್ಚಿದ್ರ ಹಳೇ ತಂತಿ ಇರ್ತೈತಿ, ಅದ ಅವನ ಕೆಲ್ಸ. ಆದ್ರ ಯಾರೋ ಕಾಲೇಜ್ ಮಾಸ್ತರು ಕಣ್ಣಾರೆ ನೋಡಿ ಸೈನ್ ಮಾಡ್ಯಾರಂತ. ಮಾಸ್ತರು ಸುಳ್ ಯಾಕ್ ಹೇಳ್ತಾರ್ರಿ? ಅದಕ್ಕ ಎಲ್ರೂ ಸುಮ್ಕಾದ್ವಿ. ನಿಮ್ದೇನ್ ಕೆಲ್ಸ ಇತ್ರಿ?”

“ಮೋಟ್ರು ರಿಪೇರಿ ಇತ್ತು” ಎಂದೆ. ಸುಳ್ಳು ಹೇಳುವ ಮಾಸ್ತರನನ್ನು ಅವರು ಎದುರಿಗೇ ಕಂಡರು, ಗುರುತಿಸಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನಾಚಿಕೆಯಾಯಿತು. ಯಾವ ಅಲಂಕಾರವೂ ಬೇಡ, ನಾಚಿಕೆಯಾಯಿತು. ಹುಲುಗಪ್ಪನ ಅಂಗಡಿಯ ಬೀಗ ಹಾಕಿದ್ದು ಬಸವರಾಜನಲ್ಲ, ನಾನು. ಕೋರ್ಟು ಇನ್ನೂ ಏನನ್ನೂ ಹೇಳಿರಲಿಲ್ಲ. ಊರು ನನ್ನ ಸಹಿಯನ್ನು ನಂಬಿ ಆಗಲೇ ತೀರ್ಪು ಕೊಟ್ಟು ಮುಗಿಸಿತ್ತು.

ಮನೆಗೆ ಬಂದರೆ ಗಿರಿಜೆ ಮೊರದ ಮುಂದೆ ಕೂತಿದ್ದಳು. ಕಾದಂಬರಿಯನ್ನು ಎಂದೋ ಮುಗಿಸಿ ನನಗಾಗಿ ಕಾಯುತ್ತಿದ್ದವಳು ಅಂದು ಅದರ ಮಾತೆತ್ತಲಿಲ್ಲ.

“ಒಂದ್ ಮಾತ್ ಕೇಳ್ತೀನ್ರಿ. ನಿಮ್ಮ ರೇಡಿನ ಕಥಿಯೊಳಗ ಮೊದಲನೇ ವರ್ಷ ನಾಯಿ ಇದ್ದಿಲ್ಲ. ನಮ್ಮ ಅಕ್ಕನ ಮನ್ಯಾರು ಬಂದಾಗ ನಾಯಿ ಬೊಗಳ್ತು. ಹೋದ ವರ್ಷ ಅದು ದಫೇದಾರನ್ನ ಕಚ್ಚಾಕ ಬಂತು. ಆ ನಾಯಿ ಎಲ್ಲಿಂದ ಬಂತ್ರಿ?”

ನಾನು ಚಪ್ಪಲಿ ಕಳಚಿ ಬದಿಗಿಟ್ಟೆ.

“ನೀವು ಆ ಶೆಡ್ಡು ನೋಡೀರೇನು?”

“ಇವತ್ತು ನೋಡಿದೆ” ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. “ಹಂಗಾದ್ರ ಆ ಮನುಷ್ಯಾ?” ಎಂದಳು, ಅಷ್ಟೇ. ಮೊರ ಪಕ್ಕಕ್ಕಿಟ್ಟು, “ನಿಜ ಹೇಳಿದ್ರ ನಿಮ್ಮನ್ನ ಏನರೆ ಮಾಡ್ತಾರೇನ್ರಿ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ. ಓದದೆ ಸಹಿ ಹಾಕಿದವನನ್ನು ಕಾನೂನು ಏನು ಮಾಡುತ್ತದೆಂದು ನನ್ನ ಕಾದಂಬರಿಗಳಲ್ಲಿ ಯಾರೂ ಬರೆದಿಲ್ಲ. ಅಂಥ ಸಾಕ್ಷಿ ಅಧ್ಯಾಯ ಮುಗಿದೊಡನೆ ಕಟಕಟೆಯಿಂದಿಳಿದು ಕಥೆಯಿಂದಲೇ ಹೋಗಿಬಿಡುತ್ತಾನೆ. ಮನೆಗೆ ಹೋಗಿ ಹೆಂಡತಿಯ ಮುಖ ಹೇಗೆ ನೋಡಿದ, ಊಟ ಮಾಡಿದನೆ, ಇದ್ಯಾವುದೂ ಲೇಖಕರಿಗೆ ಬೇಕಿಲ್ಲ. ಇಷ್ಟು ವರ್ಷ ಓದುಗನಾದ ನನಗೂ ಬೇಕಿರಲಿಲ್ಲ.

ಗುರುವಾರ ಬಂತು. ಕೋರ್ಟಿನಲ್ಲಿ ಹೆಸರು ಕೂಗಿದಾಗ ಕಟಕಟೆ ಹತ್ತಿದೆ. ಪ್ರಮಾಣ ಮಾಡಿದೆ. ಸರ್ಕಾರದ ವಕೀಲರು ಮಹಜರು ತೋರಿಸಿ ಸಹಿ ನಿಮ್ಮದೆ ಎಂದರು. ಹೌದು ಎಂದೆ. ಮಾಲನ್ನು ಆರೋಪಿ ಶೆಡ್ಡಿನಿಂದ ತೆಗೆದು ತೋರಿಸಿದ್ದನ್ನು ನೋಡಿದಿರಲ್ಲವೆ ಎಂದರು. ಬಾಗಿಲ ಬಳಿ ನಿಂತಿದ್ದ ಬಸವರಾಜ ಪಾಠ ಒಪ್ಪಿಸುವ ಹುಡುಗನನ್ನು ನೋಡುವ ಮೇಷ್ಟ್ರಂತೆ ತಲೆಯಾಡಿಸುತ್ತಿದ್ದ.

“ಇಲ್ಲ” ಎಂದೆ. “ನಾನು ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ. ಮಾಲು ಜೀಪಿನಲ್ಲಿತ್ತು. ಶೆಡ್ಡಿಗೆ ನಾನು ಹೋಗಿಲ್ಲ.”

ಸರ್ಕಾರದ ವಕೀಲರು ಒಮ್ಮೆ ಕಡತವನ್ನೂ ಒಮ್ಮೆ ನನ್ನನ್ನೂ ನೋಡಿ, ಈ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಅನುಮತಿ ಕೋರಿದರು. ನಾಲ್ಕು ವರ್ಷ ಸುಳ್ಳು ಹೇಳಿದಷ್ಟು ಕಾಲ ನಾನು ಅನುಕೂಲನಾಗಿದ್ದೆ ನೋಡಿ. ಆಮೇಲೆ ಅವರೇ ಪಾಟೀ ಸವಾಲಿಗೆ ನಿಂತರು. ಆರೋಪಿಗೆ ಸಹಾಯ ಮಾಡಲು ಸುಳ್ಳು ನುಡಿಯುತ್ತಿದ್ದೀರಿ ಎಂದರೆ? ಸರಿಯಲ್ಲ ಎಂದೆ. ಕಾಲೇಜಿನ ಉಪನ್ಯಾಸಕರಾಗಿ ಓದದೆ ಸಹಿ ಮಾಡಿದೆ ಎಂದರೆ ನಂಬಬೇಕೆ? “ಇಪ್ಪತ್ತೆಂಟು ವರ್ಷ ಮಾಡಿದ್ದೇನೆ ಸ್ವಾಮಿ” ಎಂದೆ. ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಮುಂದೆ ಯಾವ ಕಾಗದಕ್ಕೂ ಹಾಗೆ ಮಾಡಬೇಡಿ ಎಂದು, ನಾನು ಹುಡುಗರಿಗೂ ಹೇಳದಷ್ಟು ತಣ್ಣಗೆ ಹೇಳಿದರು. ಆರೋಪಿಯ ವಕೀಲರು ಎದ್ದು ಎರಡೇ ಪ್ರಶ್ನೆ ಕೇಳಿ ಕೂತರು. ಹುಲುಗಪ್ಪನಿಗಾಗಿ ಊರೂರು ಅಲೆದ ಪತ್ತೇದಾರಳು ಯಾರೂ ಇರಲಿಲ್ಲ.

ಅವನನ್ನು ನಾನು ಕಂಡದ್ದು ಆಗಲೇ, ಮೊದಲ ಸಲ. ಹಿಂದಿನ ಗೋಡೆಗೆ ಆತು ನಿಂತಿದ್ದ ತೆಳ್ಳಗಿನ ಮನುಷ್ಯ, ಉಗುರಿನ ಸಂದಿಯಲ್ಲಿ ಗ್ರೀಸು. ಮೀಸೆಯೇ ಇರಲಿಲ್ಲ. ಮುಂದಿನ ತಾರೀಖು ಕೊಟ್ಟ ಮೇಲೆ ಹೊರಗೆ ಬಂದೆ. ಬಸವರಾಜ ನನ್ನ ಮುಖ ನೋಡದೆ ಮೋಟರ್ ಸೈಕಲ್ ಹತ್ತಿ ಹೋದ. ಮೊದಲ ಬಾರಿಗೆ ನಮಸ್ಕಾರ ಮಾಡದೆ. ಅದೂ ನೋಯಿತು, ಸುಳ್ಳೇಕೆ ಹೇಳಲಿ. ಕಾದಂಬರಿಯಲ್ಲಾದರೆ ಈಗ ಬಿಡುಗಡೆಯಾಗುವವನು ಬಂದು ಕೈ ಹಿಡಿದುಕೊಳ್ಳಬೇಕು, ವಕೀಲರು ಪತ್ತೇದಾರಳ ಕಡೆ ನೋಡಿ ಒಂದು ಮುಗುಳ್ನಗೆ ಬೀರಬೇಕು. ಹುಲುಗಪ್ಪ ನಿಜಕ್ಕೂ ನನ್ನ ಕಡೆಗೇ ಬಂದ. ನಾನು ಆ ಕೃತಜ್ಞತೆಗೆ ಮುಖವನ್ನೂ ಅಣಿ ಮಾಡಿಕೊಂಡಿದ್ದೆ, ಅಷ್ಟು ಓದಿದ್ದೇನಲ್ಲ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ.

“ನಾಕ್ ವರ್ಷ ಎಲ್ಲಿದ್ರಿ ಸರ್?”

ನಿವೃತ್ತನಾಗುವವರೆಗೆ ನಿಮ್ಮ ಅಂಗಡಿಯ ಮುಂದೆ ಹಾದುಹೋಗುವ ಬಸ್ಸಿನಲ್ಲೇ ದಿನಾ ಓಡಾಡುತ್ತಿದ್ದೆ, ಮನೆಗೆ ಬಂದವರಿಗೆಲ್ಲ ನಿಮ್ಮ ಕಥೆ ಹೇಳಿ ನಗಿಸುತ್ತಿದ್ದೆ ಎನ್ನಬೇಕಿತ್ತು.

“ಇಲ್ಲೇ ಇದ್ದೆಪಾ” ಎಂದೆ.